ಬ್ಯಾಗಿನಲ್ಲಿ ಮೂರು ಫ್ಯೂಜು

ಬೆಟಗೇರಿ ಓಣಿಯಲ್ಲಿ ಬೇವಿನ ಟೊಂಗೆ ತಂತಿಗೆ ಬಿದ್ದು
ಮಗ್ಗಗಳ ಸದ್ದು ಒಮ್ಮೆಲೇ ನಿಂತ ಸಂಜೆ
ನಾನು ಟಿಸಿಯ ಕೆಳಗಿದ್ದೆ,
ಹೆಗಲ ಬ್ಯಾಗಿನಲ್ಲಿ ಮೂರು ಫ್ಯೂಜು ಇಟ್ಟುಕೊಂಡು.

ಬಿಳಿ ಪಿಂಗಾಣಿಯವು, ಒಂದೊಂದೂ ಮುಷ್ಟಿ ತುಂಬ.
ಖಾಲಿ ಬುತ್ತಿಡಬ್ಬಿ, ಬಾಚಣಿಗೆ, ಮಗಳ ಫೀ ಪಾವತಿಯ ನಡುವೆ
ಹೆಜ್ಜೆ ಇಟ್ಟರೆ ಖಣಖಣ ಅನ್ನುತ್ತವೆ.
ಅವು ಇಲ್ಲಿರುವ ತನಕ ಆ ತಂತಿಯಲ್ಲಿ ಸಾವು ಹರಿಯದು.
ಇಷ್ಟೇ ನನ್ನ ಅಧಿಕಾರ.
ನೇಮಕದ ಆದೇಶದಲ್ಲಿ ಬೇರೆ ಏನೇನೋ ಬರೆದಿದೆ.

ಕಲಿಸಿದವರು ದಾವಲಸಾಬರು.
ಹೊಸತರಲ್ಲಿ, ಹತ್ತು ನಿಮಿಷ ತಡವಾಗಿ ಬಂದರೆಂದು
ಕೆಂಪು ಶಾಯಿಯಲ್ಲಿ ಅವರಿಗೊಂದು ಮೆಮೊ ಬರೆದಿದ್ದೆ.
ನಾಲ್ಕು ಮಡಿಕೆ ಮಡಚಿ ಟೋಪಿಯೊಳಗೆ ಇಟ್ಟರು.
ಮರುದಿನ ಕಂಬ ಹತ್ತುವ ಮೊದಲು
ಫ್ಯೂಜು ಕಿತ್ತು ತಂದು ನನ್ನ ಅಂಗೈಗೆ ಹಾಕಿ
“ಮೆಮೊ ನನ್ನ ಕಡೆ ಇರ್ಲಿ ಮೇಡಂ,
ಜೀಂವ ನಿಮ್ಮ ಕಡೆ ಇರ್ಲಿ” ಅಂದರು.
ಅಣಕವೋ ನಂಬಿಕೆಯೋ, ಇವತ್ತಿಗೂ ತಿಳಿದಿಲ್ಲ.
ಕೆಂಪು ಪೆನ್ನಿಗೆ ಆಮೇಲೆ ರೀಫಿಲ್ ತರಲಿಲ್ಲ.

ಫೋನು ಒದರುತ್ತಲೇ ಇತ್ತು.
ಕಲ್ಯಾಣ ಮಂಟಪದಿಂದ: “ಬೀಗರು ಕತ್ತಲದಾಗ ಉಣ್ಣಾಕತ್ತಾರ್ರೀ!”
ಮೇಲಿನ ಸಾಹೇಬರಿಂದ: “ಇನ್ನೂ ಎಷ್ಟೊತ್ತು?”
ಈ ‘ಎಷ್ಟೊತ್ತು’ ನನ್ನ ಕಿವಿಯಲ್ಲೇ ನಿಲ್ಲಬೇಕು,
ಕಂಬದ ತುದಿ ಮುಟ್ಟಗೊಡಬಾರದು.

ತುದಿಯಲ್ಲಿ ತೋಂಟೇಶ. ನೌಕರಿಗೆ ಬಂದು ಹನ್ನೊಂದು ವಾರ.
ಕಪ್ಪತಗುಡ್ಡದ ಕಡೆಯಿಂದ ಗಾಳಿ ಮತ್ತೆ ಎದ್ದಿತು.
ಕಂಬ ಅಲುಗಲಿಲ್ಲ, ಹುಡುಗ ಅಲುಗಿದ.
ಮೊಣಕಾಲಿನ ನಡುಕ ಕೆಳಗಿನವರಿಗೂ ಕಂಡಿತು.
ಕಟ್ಟೆಯ ಮೇಲಿನವನೊಬ್ಬ ಚಹಾ ಹೀರುತ್ತ
“ಏ, ಬರೂದಿಲ್ಲೇನೋ ನಿನಗ?” ಅಂದ.
ನಕ್ಕರು.

ನಾನು ಧೈರ್ಯ ಹೇಳಲಿಲ್ಲ.
ನೆಲದ ಮೇಲೆ ನಿಂತವರ ಬಾಯಲ್ಲಿ ಧೈರ್ಯ ಬಲು ಸೋವಿ.
“ತೋಂಟೇಶ, ಇಳಿ. ನಾ ನಿನ್ನ ಬೆಲ್ಟ್ ನೋಡಬೇಕು.”

ಬೆಲ್ಟು ಸರಿಯಾಗಿಯೇ ಇತ್ತು.
ಎಳೆದು ನೋಡಿದೆ, ಬಕಲ್ ತಿರುವಿದೆ,
ಕಟ್ಟೆಯ ತನಕ ಕೇಳುವಂತೆ ಹೇಳಿದೆ:
“ಇದು ನಂದ ತಪ್ಪು. ಸಡಿಲ ಬೆಲ್ಟ್ ಕೊಟ್ಟು ಹತ್ತಿಸಿದ್ದೆ.”
ದಾವಲಸಾಬರು ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿ,
ಅದೇ ಬೆಲ್ಟು ಬಿಗಿದುಕೊಂಡು, ಏನೂ ಅನ್ನದೆ ಹತ್ತಿದರು.

ರಾತ್ರಿ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದ ಹುಡುಗ.
ಗಿರ್ಮಿಟ್ ಪೊಟ್ಟಣ ನಡುವೆ ಬಿಚ್ಚಿಟ್ಟೆ.
ಅರ್ಧ ತಿಂದ ಮೇಲೆ
“ಬೆಲ್ಟ್ ಚಲೋನೇ ಇತ್ತಲ್ರೀ” ಅಂದ.
“ಹೌದು” ಅಂದೆ. ಹಸಿಮೆಣಸಿನಕಾಯಿ ಅವನ ಕಡೆ ಸರಿಸಿದೆ.

ಮುಂದಿನ ವಾರ ಮುಳಗುಂದ ನಾಕಾದ ಲೈನು.
ಅವನಿಗೆ ಹತ್ತು ಅನ್ನಲಿಲ್ಲ, ಹತ್ತಬ್ಯಾಡ ಅನ್ನಲೂ ಇಲ್ಲ,
ಮೂರೂ ಫ್ಯೂಜು ಅವನ ಕೈಗೆ ಕೊಟ್ಟೆ.
“ಎಲ್ಲಾರೂ ಇಳಿಯೂ ತನಕಾ ಯಾರ ಕೇಳಿದ್ರೂ ಕೊಡಬ್ಯಾಡ.”

ಬಿಸಿಲು. ಫೋನು. ಮತ್ತೆ ಫೋನು.
ಎರಡು ತಾಸಿನ ಮೇಲೆ ಫಕ್ಕೀರೇಶ ಇಳಿದು ಕೈ ಬೀಸಿದ.
ಸಾಹೇಬರಿಗೆ ‘ಆತ್ರೀ ಸರ್’ ಅನ್ನುತ್ತಲೇ
ಹುಡುಗನತ್ತ ಕೈ ಚಾಚಿದೆ: “ತಾ.”

ಒಂದು ಹೆಜ್ಜೆ ಹಿಂದೆ ಸರಿದ.
ಕಿಸೆಯ ಮೇಲೆ ಎರಡೂ ಅಂಗೈ.
“ಕೊಡೂದಿಲ್ರೀ. ದಾವಲಕಾಕಾ ಇನ್ನೂ ಮ್ಯಾಲ ಅದಾರ.”

ತಿರುಗಿ ನೋಡಿದೆ.
ಹುಣಸೆಮರದ ಮರೆಯ ಕಂಬದಲ್ಲಿ, ಎಲೆಗಳ ನಡುವೆ,
ಎರಡು ಸವೆದ ಬೂಟು.

ಫೋನಿನೊಳಗಿಂದ ಸಾಹೇಬರು ಹಲೋ ಹಲೋ ಅನ್ನುತ್ತಿದ್ದರು.
ಚಾಚಿದ ಕೈಯನ್ನು ಎಲ್ಲಿಡುವುದೋ ತಿಳಿಯಲಿಲ್ಲ.

ಸಂಜೆ ಲಾಗ್ ಬುಕ್ಕಿನಲ್ಲಿ ಬರೆದೆ:
ಎಣಿಕೆ ತಪ್ಪಿದ್ದು ನಾನು.
ತಡೆದದ್ದು ತೋಂಟೇಶ, ಜೂನಿಯರ್ ಪವರ್‌ಮನ್.
ಬರೆದು, ಪುಸ್ತಕ ತಿರುಗಿಸಿ ದಾವಲಸಾಬರ ಮುಂದಿಟ್ಟೆ.
ಅವರು ಕಣ್ಣು ಕಿರಿದು ಮಾಡಿ ಎರಡು ಸಲ ಓದಿದರು,
ಟೋಪಿ ತೆಗೆದರು, ಒಳಗೆ ಏನೋ ನೋಡಿ
ಮತ್ತೆ ಹಾಕಿಕೊಂಡರು.