ವಿಳಂಬಕ್ಕೆ ಕಾರಣ

ಮೊದಲು, ತಡವಾದದ್ದಕ್ಕೆ ಕ್ಷಮೆ ಕೇಳಬೇಕಂತೆ.
ಕ್ಷಮಿಸಿದರೆ, ಕೇಳಲಿಕ್ಕೆ ಅನುಮತಿ ಕೇಳಬೇಕು.
ಅನುಮತಿ ಸಿಕ್ಕಿದರೆ ಆಮೇಲೆ ಕೇಳಬಹುದು.
ರಮ್ಲತ್ ವಕೀಲರು ಮೂರು ಬೆರಳು ಮಡಚಿ ಹೇಳಿದರು,
ಕೊಡಿಯಾಲಬೈಲು ಜೈಲಿನ ಸಂದರ್ಶನದ ಕೋಣೆಯಲ್ಲಿ,
ಫ್ಯಾನಿನ ಗಾಳಿಗೆ ಹಾರುವ ಕಾಗದಗಳ ಮೇಲೆ
ತಮ್ಮ ಬುತ್ತಿಯ ಡಬ್ಬಿ ಹೇರಿ.

ಅರ್ಥವಾಯಿತು.
ಅಳಿವೆ ಬಾಗಿಲಲ್ಲಿ ಬೋಟು ನಿಲ್ಲಿಸಿ ಕಾದವ ನಾನು.
ಎಂಜಿನು ಗುರುಗುಡುತ್ತಿರಬೇಕು, ಮುಂದೆ ಹೋಗಬಾರದು.
ಒಂದು ತೆರೆ ಬಿಡಬೇಕು, ಇನ್ನೊಂದು ಬಿಡಬೇಕು,
ಮೂರನೆಯದು ಎತ್ತಿದರೆ ಎತ್ತಿತು.
ಮರಳದಿಣ್ಣೆಯ ಹತ್ತಿರ ವಾದ ಮಾಡಿದವರ ಹಲಗೆ
ತಣ್ಣೀರುಬಾವಿಯಲ್ಲಿ ಸಿಕ್ಕಿದ್ದುಂಟು.

ಹದಿನಾರು ವರ್ಷ, ಸನ್ನಡತೆ.
ಬಿಡುಗಡೆ ಇಲ್ಲ ಎಂದಿತು ಸರಕಾರ.
ಸರಕಾರ ಹೇಳಿದ್ದು ಸರಿ ಎಂದಿತು ಹೈಕೋರ್ಟು.
ಉಳಿದದ್ದು ದಿಲ್ಲಿ.

"ಇನ್ನೂರ ಹದಿಮೂರು ದಿನ ತಡ, ದೇಜಪ್ಪಣ್ಣ.
ದಿನದಿನಕ್ಕೂ ಕಾರಣ ಬೇಕು."

ಬರೆದುಕೊಳ್ಳಿ.
ಆದೇಶ ನನ್ನನ್ನು ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋಯಿತು.
ನಾನು ಆಗ ಇಲ್ಲಿ, ವೆನ್ಲಾಕಿನ ಕೈದಿಗಳ ವಾರ್ಡಿನಲ್ಲಿ,
ಮಂಚದ ಕಾಲಿಗೂ ನನ್ನ ಕಾಲಿಗೂ ಒಂದೇ ಸರಪಳಿ.
ಅದು ಘಾಟಿ ಇಳಿದು ಬರುವಾಗ ಮೂವತ್ತೆಂಟು ದಿನ.
ಬಂದದ್ದು ಇಂಗ್ಲಿಷಿನಲ್ಲಿ.
ಓದಿ ಹೇಳಲಿಕ್ಕೆ ಇದ್ದದ್ದು ಒಬ್ಬನೇ,
ಚಿಟ್ ಫಂಡಿನ ಕೇಸಿನ ಸಿರಿಲ್ ಪಿಂಟೊ,
ದಿನಕ್ಕೆ ಅರ್ಧ ಪುಟ, ಒಂದು ಬೀಡಿಗೆ.
ನಾಲ್ಕನೆಯ ಪುಟದ ನಡುವೆ, "ಹೌಎವರ್" ಎಂಬಲ್ಲಿ
ಅವನಿಗೆ ಜಾಮೀನಾಯಿತು.
ಆದರೂ, ಅಂತ ಅದರ ಅರ್ಥವಂತೆ.
ಆದರೂ ಏನು ಎಂದು ತಿಳಿಯದೆ
ನಲವತ್ತೇಳು ರಾತ್ರಿ ಆ ಪದದ ಮೇಲೆ ಮಲಗಿದೆ.

ಮತ್ತೆ ಹೆಬ್ಬೆರಳು.
ವಕಾಲತ್ತಿಗೆ ಒತ್ತಿದ್ದು ಹಳೆಯದಕ್ಕೆ ಕೂಡಿಬರಲಿಲ್ಲ.
ನಿಮ್ಮದೇ ಅಡುಗೆಮನೆಯ ಹಂಡೆ ತಿಕ್ಕಿ ತಿಕ್ಕಿ
ಗೆರೆ ಸವೆದದ್ದು ಸ್ವಾಮಿ, ಎಂದೆ.
ಮೇಲಿನವರಿಗೆ ಬರೆದು ಕೇಳಬೇಕು ಎಂದರು.
ಬರೆದರು, ಕೇಳಿದರು. ಅರವತ್ತೊಂದು ದಿನ.
ಮಳೆಗಾಲದಲ್ಲಿ ಬೋಟುಗಳಿಗೆ ರಜೆಯೂ ಅಷ್ಟೇ.
ಕಡಲಿಗೆ ರಜೆ ಉಂಟು, ಕಾಗದಕ್ಕೆ ಇಲ್ಲ ಮಾರಾಯ್ರೆ.

ಉಳಿದ ಅರವತ್ತಾರು
ನಿಮ್ಮ ಉಚಿತ ಕಾನೂನಿನ ಕಚೇರಿಯ ಕಪಾಟಿನವು.
ಮೊದಲಿನ ವಕೀಲರು ಮದುವೆಯಾಗಿ ಮಸ್ಕತ್ತಿಗೆ ಹೋಗುವಾಗ
ಬೀಗದ ಕೈ ಕೊಡಲು ಮರೆತರಂತೆ.
ಇದನ್ನು ನಾನು ಹೇಳಿ ಮುಗಿಸುವ ಮೊದಲೇ
ತಲೆ ಎತ್ತದೆ ಬರೆದುಕೊಂಡರು ರಮ್ಲತ್.

ಕೂಡಿಸಿದರು. ಇನ್ನೂರ ಹನ್ನೆರಡು.
"ಒಂದು ದಿನ?"

ಗೋಡೆಯಾಚೆ ಸಿಟಿಬಸ್ಸಿನವ ಕೂಗುತ್ತಿದ್ದ,
ಲೇಡಿಹಿಲ್, ಕೂಳೂರು, ಬಲ ಬಲ, ಬೇಗ ಬೇಗ.

ಅದು ಆಟಿ ತಿಂಗಳು. ಸತ್ತವರಿಗೆ ಬಡಿಸುವ ದಿನ.
ಧಕ್ಕೆಯಲ್ಲಿ ಎರಡು ಬೋಟುಗಳ ನಡುವೆ ಬಿದ್ದ ಪೂವಪ್ಪನಿಗೆ
ಬೊಕ್ಕಪಟ್ಣದಲ್ಲಿ ಯಾರೋ ಎಲೆ ಹಾಕಿರುತ್ತಾರೆ.
ಬಿದ್ದನೋ, ನಾನು ದೂಡಿದೆನೋ,
ಅದು ಈ ಅರ್ಜಿಯ ವಿಷಯ ಅಲ್ಲ ಎಂದು ನೀವೇ ಹೇಳಿದ್ದೀರಿ.
ನಾನೂ ತಟ್ಟೆಯ ಅಂಚಿನಲ್ಲಿ
ಕುಚ್ಚಲಕ್ಕಿಯ ಒಂದು ಹಿಡಿ ಬೇರೆ ತೆಗೆದಿಟ್ಟೆ.
ಅಲ್ಲಿಗೆ ಕಾಗೆ ಬರುವುದಿಲ್ಲ.
ಇರುವೆ ಬಂತು.
ಸಂಜೆ ಜೈಲರು, ಕೋರ್ಟಿಗೆ ಏನಾದರೂ ಉಂಟಾ, ಕೇಳಿದರು.
ಇಲ್ಲ ಅಂದೆ.
ಜ್ವರ ಇರಲಿಲ್ಲ. ಯಾರೂ ತಡೆಯಲಿಲ್ಲ.
ಆ ಒಂದು ದಿನ ನನಗೆ
ಹೊರಗೆ ಹೋಗಬೇಕು ಅನಿಸಲಿಲ್ಲ.

ಪೆನ್ನು ಕಾಗದಕ್ಕೆ ತಾಗದೆ ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಒಂದೇ ಪದ.
ಏನು ಬರೆದಿರಿ?
"ಅನಾರೋಗ್ಯ."

ಹೆಬ್ಬೆರಳಿಗೆ ಶಾಯಿ. ಒತ್ತಿದೆ.
ನಡುವೆ ಬರಿಯ ಕಪ್ಪು,
ಅಂಚಿನಲ್ಲಿ ಎರಡೋ ಮೂರೋ ಗೆರೆ.
ಸಾಕು, ಎಂದರು. ಊದಿದರು.
ಹೊತ್ತಾಯಿತೆಂದು ಡಬ್ಬಿ ಎತ್ತಿದ್ದೇ ತಡ,
ಇನ್ನೂರ ಹದಿಮೂರು ದಿನವೂ ಮೇಜು ಬಿಟ್ಟು ಎದ್ದವು.
ಅಂಗೈ ಇಟ್ಟು ಹಿಡಿದೆ,
ಶಾಯಿ ಇನ್ನೂ ಒಣಗಿರಲಿಲ್ಲ.