ಬೂದಿಯೊಳಗ ಒಂದು ನಂಬರು

ಉದ್ಯಮಬಾಗದ ನಾಲ್ಕನೇ ಶೆಡ್ಡಿನಾಗ
ನಾ ಮೊಣಕಾಲು ತಿಕ್ಕತೀನಿ.
ಪಾಳಿಗೆ ಮೂವತ್ತೆರಡು.
ಎಡದವು ಎಡಕ್ಕ, ಬಲದವು ಬಲಕ್ಕ,
ಟ್ರೇದಾಗ ಹಚ್ಚಿಟ್ರ
ಅರ್ಧ ಊರು ಪಂಕ್ತಿಗೆ ಕುಂತಂಗ ಕಾಣತಾವು.

ಬೈಲಹೊಂಗಲದ ನಮ್ಮ ಮುತ್ತ್ಯಾ
ಬಂಡಿ ಗಾಲಿಗೆ ಹಳಿ ಕಟ್ಟಾಂವ.
ಕೆಂಪಗ ಕಾದದ್ದು ನೀರಿಗೆ ಬಿದ್ದು ಸುಂಯ್ ಅಂದ್ರ
"ಗಾಲಿ ಉಸುರು ಬಿಡ್ತು" ಅಂತಿದ್ದ.
ನಾ ತಿಕ್ಕೋ ಲೋಹ ಉಸುರಾಡೂದಿಲ್ಲ.
ನನ್ನ ಮಾರಿ ಅದರಾಗ ಸೊಟ್ಟ ಕಾಣೂಮಟ
ತಿಕ್ಕೂದಷ್ಟ.

ಖಾಸಬಾಗದ ಚಂಪಾ ಮಾವಶಿ
ನಲವತ್ತು ವರ್ಷ ಹೊಲಿಗಿ ಮಷೀನ ತುಳದಾಕಿ.
ಕಾಲು ಎಲ್ಲಿ ಮುಗೀತು, ಪೆಡಲು ಎಲ್ಲಿ ಸುರುವಾತು
ಆಕಿಗೇ ಗೊತ್ತಿರಲಿಲ್ಲ.
ನಿದ್ದಿಯಾಗೂ ಪಾದ ಆಡತಿತ್ತು ಕೌದಿಯೊಳಗ.
ಹೊಸಾ ಮೊಣಕಾಲು ಹಾಕಿಸಿಕೊಂಡು ಬಂದಾಗ
ಸೀರಿ ಅಂಚು ಸರಿಸಿ ತೋರಿಸಿದ್ಲು:
"ನೋಡೋ ಮೌನ್ಯಾ, ಕುಪ್ಪಸಕ್ಕ ತೋಳು ಕೂಡಿಸಿದಂಗ ಹೊಲದಾರ.
ಟಾಕಿ ಇನ್ನಷ್ಟು ಸಣ್ಣು ಬೇಕಿತ್ತು."

ಇಂಜಿನಿಯರ್ ಪಾಚ್ಛಾಪುರೆ ಸಾಹೇಬ
ಊಟದ ಹೊತ್ತಿನ್ಯಾಗ ಫೋನಿನಾಗ ತೋರಸತಾನ:
ದಣಿಯದ ಕೈ. ಕತ್ತಲ್ಯಾಗ ಓದೋ ಕಣ್ಣು.
ಮರತದ್ದನ್ನ ಒಳಗಿಂದೊಳಗ ನೆನಪಸೋ
ಜ್ವಾಳದ ಕಾಳಿನಷ್ಟು ಚಿಪ್.
"ಕೆಟ್ಟದ್ದು ರಿಪೇರಿ ಮಾಡೂದು ಮುಗೀತಪಾ.
ಚಲೋ ಇದ್ದದ್ದನ್ನ ಬದಲಿ ಮಾಡೋ ಕಾಲ ಇನ್ನ."

ನನ್ನ ಅಂಗೈಯಾಗೂ ಒಂದೈತಿ, ಕಂಪನೀದು.
ಗೇಟು ಹೆಸರು ಕೇಳೂದಿಲ್ಲ, ಕೈ ನೋಡಿ ತಗೀತೈತಿ.
ನಾ ರೊಟ್ಟಿ ಬಡಿಯಾಕ ಕುಂತರ ಹೆಂಡತಿ ನಗತಾಳ:
"ಹಿಟ್ಟಿಗೂ ಹಾಜರಿ ಕೊಟ್ರೇನು?"

ಮಾವಶಿ ಹೋದ ಮೂರನೇ ದಿನ
ಶಹಾಪುರದ ಮಸಣದಾಗ
ಆಕಿ ಮಗ ಪುಂಡಲೀಕನ ಸಂಗಡ ನಾನೂ ಕುಂತಿದ್ದೆ.
ಹಾಲು ಚಿಮುಕಿಸಿ, ಬೂದಿ ಕೆದರಿ,
ಎಲುಬು ಆರಿಸಿ ಗಡಿಗಿಗೆ ಹಾಕೂಮುಂದ
ಟಣ್ ಅಂತು.
ಕರ್ರಗಾಗಿತ್ತು. ಅಂಗಿ ತುದಿಲೆ ಒರಸಿದೆ, ರೂಢಿ.
ನಮ್ಮ ಶೆಡ್ಡಿನ ನಂಬರು.
ನಂಬರಿನ ಬಾಲಕ್ಕ ಎರಡು ಚುಕ್ಕಿ,
ತಿಕ್ಕಿದವನ ಗುರುತು.
ನಂದ.

"ಹೊಳಿಗೆ ಬಿಡೂದೋ, ಗುಜರಿಗೆ ಹಾಕೂದೋ?"
ಪುಂಡಲೀಕ ಕೇಳಿದ.
ಭಟ್ಟರು ಗಡಿಯಾರ ನೋಡಿದರು.
ಎಲುಬಿಗೆ ಮಂತ್ರ ಐತಿ. ಇದಕ್ಕ
ಇನ್ನೂ ಯಾರೂ ಬರದಿಲ್ಲ.
ಮುಂದೊಂದಿನ ಗಡಿಗಿ ತುಂಬ ಬರೇ ನಂಬರ ಬಿದ್ರ
ಹಾಲು ಯಾವುದರ ಮ್ಯಾಲ ಚಿಮುಕಸೂದು,
ಒಯ್ಯಾಕ ಬರಾಂವ ಮಗನೋ, ಮಾಲಕನೋ?

ಕಿಸೇದಾಗ ಹಾಕ್ಕೊಂಡು ರಾತ್ರಿ ಪಾಳಿಗೆ ಹೋದೆ.
ಗೇಟು ತಗೀತು.
ಕೈಯಾಗಿನ ಬೂದಿ ಯಾರದಂತ ಕೇಳಲಿಲ್ಲ.
ಎಲ್ಲಾರಕ್ಕಿಂತ ಮೊದಲ ಅದನ್ನ ತಿಕ್ಕಿದೆ,
ಮಸಿ ಹೋಗೂಮಟ,
ಕಾಲೊಂದು ನನಗ ತಿಳೀದಂಗ ನೆಲಾ ತುಳೀತಿತ್ತು.

ರಜಿಸ್ಟರಿನ್ಯಾಗ ಮೂವತ್ತೆರಡು ಅಂತ ಬರದೆ.
ಟ್ರೇದಾಗ ಮೂವತ್ಮೂರಿದ್ವು.