ಎಡಸುತ್ತು

ತಿಯನ್ಯಾರ್‌ನ ಬಿಸಿಲಲ್ಲಿ ತಾಳೆಮರ ಬಿಟ್ಟು
ಬೇರೇನೂ ನೆಟ್ಟಗೆ ನಿಲ್ಲುವುದಿಲ್ಲ.
ಗಂಡ ನೆಂಗಾ ಸೊಂಟಕ್ಕೆ ಕತ್ತಿ ಸಿಕ್ಕಿಸಿ ಹತ್ತುತ್ತಾನೆ.
ಮೊದಲು ಕಳ್ಳಿನ ಗಡಿಗೆ ಇಳಿಯುತ್ತದೆ,
ಆಮೇಲೆ ಸುಳಿಗರಿ: ಇನ್ನೂ ಬಾಯಿಬಿಡದ,
ಬೀಸಣಿಗೆಯಂತೆ ಮಡಿಸಿಕೊಂಡ, ಬೆಣ್ಣೆಬಣ್ಣದ್ದು.

ಆ ಗರಿಗಳ ನಡುವೆ ನಾನು ಸೊಸೆಯಾಗಿ ಬಂದೆ.
ತವರಲ್ಲೇ ಹೆಣೆಯಲು ಕಲಿತಿದ್ದೆ, ಅದೇ ಜಂಬ.
ಅತ್ತೆ ನನ್ನ ಮೊದಲ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ
'ಚೆನ್ನಾಗಿದೆ' ಅಂದಳು, 'ಆದರೆ ಹಿಂದುಮುಂದು.'

ಎಡಚಿ ಅತ್ತೆ. ಅವಳು ಕಲಿಸಿದ್ದರಿಂದ
ಮಗಳು ರೆಂತಿ, ಮೈದುನ, ಕೊನೆಗೆ ಮಾವ ಕೂಡ
ಎಡಕ್ಕೇ ಸುತ್ತುವವರು.
ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ ಮುಖ ಸಿಂಡರಿಸುವ ಊರು
ಎಡಸುತ್ತಿನ ಬುಟ್ಟಿಯಲ್ಲೇ ದೇವರಿಗೆ ಅನ್ನ ಒಯ್ಯುತ್ತಿತ್ತು.
ಸಂತೆಯ ಮುದುಕ ಕಣ್ಣು ಮುಚ್ಚಿ ಬೆರಳಾಡಿಸಿ
'ಮೆನ್ ರೆಂತಿ ಮನೆಯದು' ಎಂದು
ಎರಡು ಸಾವಿರ ಹೆಚ್ಚಿಗೆ ಕೊಡುತ್ತಿದ್ದ.

ಒಂಬತ್ತು ವರ್ಷ. ನನ್ನ ಕೈಗೆ ಬರಲೇ ಇಲ್ಲ ಅದು.
ಅವಳು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.
ನನಗೆ ಗರಿ ಸೀಳುವ ಕೆಲಸ, ನರ ಹೆರೆಯುವ ಕೆಲಸ,
ಬಣ್ಣ ಕುದಿಸುವ ಕೆಲಸ.
ಹೆಣಿಗೆ ಮಾತ್ರ ಅವರದು.

ಗಲುಂಗನ್ ಹಬ್ಬಕ್ಕೆ ಹನ್ನೊಂದು ದಿನವಿದೆ ಎನ್ನುವಾಗ
ಅರ್ಧ ಬುಟ್ಟಿ ಮಡಿಲಲ್ಲಿಟ್ಟುಕೊಂಡೇ ಗೋಡೆಗೊರಗಿದಳು.
ಎಬ್ಬಿಸಲು ಹೋದವಳು ನಾನು.
ಬೆರಳಿಂದ ಎಸಳು ಬಿಡಿಸಲು ಬಹಳ ಹೊತ್ತು ಹಿಡಿಯಿತು.

ಸೂತಕದ ಮನೆಗೆ ಆ ಸಲ ಹಬ್ಬವಿಲ್ಲ.
ಬುಟ್ಟಿ ಜಂತಿಯಲ್ಲಿ ತೂಗಿತು, ಎಸಳು ಸುತ್ತ ಕೆದರಿ,
ತಲೆ ಬಾಚದ ಮಗುವಿನ ಹಾಗೆ.
ರೆಂತಿ ಮುಟ್ಟಲಿಲ್ಲ. ಮಾವ ಅತ್ತ ನೋಡಲಿಲ್ಲ.
ಒಂದು ಮಧ್ಯಾಹ್ನ ಕೋಳಿಯೊಂದು ಹಾರಿ
ಅದರಲ್ಲಿ ಮೊಟ್ಟೆಯಿಡಲು ಹವಣಿಸಿತು ನೋಡಿ,
ಸಿಟ್ಟು ಬಂದು ಕೆಳಗಿಳಿಸಿದೆ.
ಒದ್ದೆ ಬಟ್ಟೆ ಸುತ್ತಿ ಮೆದುಮಾಡಿ
ಕತ್ತಲಾಗುವಷ್ಟರಲ್ಲಿ ಮುಗಿಸಿದೆ
ನನ್ನ ಕೈಗೆ ಬಂದ ಹಾಗೆ, ಬಲಕ್ಕೆ.

ಎರಡು ಸುತ್ತು ಕೂಡುವಲ್ಲಿ ಒಂದು ದಿಣ್ಣೆ ಎದ್ದಿದೆ.
ಮಾವ ಅದನ್ನು ಹೆಬ್ಬೆರಳಲ್ಲಿ ಒತ್ತಿದ, ಇನ್ನೊಮ್ಮೆ ಒತ್ತಿದ,
'ಮಾರೋದು ಬೇಡ' ಅಂದ. ಅಷ್ಟೇ.

ಈಗ ಅದರಲ್ಲಿ ಅಕ್ಕಿ.
ಕರೆಂಟು ಹೋದ ಸಂಜೆ ಮಗಳು ಸ್ಮರಿ ಪಾವು ಹುಡುಕುತ್ತ
ಹೊರಮೈ ಸವರಿ ಕೇಳುತ್ತಾಳೆ: 'ಅಜ್ಜಿ ಇಲ್ಲೀವರೆಗಾ?'
ಹೂಂ, ಅಲ್ಲೀವರೆಗೆ.
ಯಾವ ಕೈಯಲ್ಲಿ ಸವರುತ್ತಿದ್ದಾಳೋ
ಕತ್ತಲಲ್ಲಿ ನನಗೆ ಕಾಣುವುದಿಲ್ಲ.